ಯಾವುದು? ಎಷ್ಟು? ಯಾರದು?

ಪ್ರೀತಿಯ ಮಕ್ಕಳೇ, ಅವರ ಪಕ್ಕದಲ್ಲಿ ಕನ್ನಡಕ ಹಾಕಿಕೊಂಡು ಕೂತಿರುವ ಅಜ್ಜ ಅಜ್ಜಿಯರೇ,

ಈ ವಾರ ಇಂಗ್ಲಿಷಿನ ಪುಟಾಣಿ ಪದಗಳ ಅಭ್ಯಾಸ ಮಾಡೋಣ. ಎ, ಆ್ಯನ್, ದ, ದಿಸ್, ದಟ್, ಮೈ, ಹರ್, ಸಮ್, ಫ್ಯೂ, ಲಿಟಲ್ ಇವೆಲ್ಲ ನಾಮಪದದ ಮುಂದೆ ಬಂದು ಕೂರುವ ಪದಗಳು. ಇವಕ್ಕೆ ಡಿಟರ್ಮಿನರ್ ಎಂದು ಹೆಸರು. ಹೀ, ಶೀ, ಇಟ್, ದೇ, ಮೈನ್, ಹರ್ಸ್ ಇವು ನಾಮಪದವನ್ನೇ ಎಬ್ಬಿಸಿ ಅದರ ಜಾಗದಲ್ಲಿ ತಾವು ಕೂರುತ್ತವೆ. ಇವು ಪ್ರೊನೌನ್, ಅಂದರೆ ನಮ್ಮ ಸರ್ವನಾಮ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ಕಡೆಯ ಮಕ್ಕಳ ನೋಟ್‌ಬುಕ್‌ಗಳನ್ನು ನಾನು ತಿದ್ದಿದ್ದೇನೆ. ಉದ್ದುದ್ದ ಪದಗಳ ಸ್ಪೆಲಿಂಗ್ ತಪ್ಪಿಲ್ಲದೆ ಬರೆಯುವ ಏಳು ಎಂಟನೇ ತರಗತಿಯ ಮಕ್ಕಳೂ ಎಡವುವುದು ಈ ಚಿಕ್ಕ ಪದಗಳಲ್ಲೇ. ಅದು ದಡ್ಡತನವಲ್ಲ. ಇದೇ ಕೆಲಸವನ್ನು ಕನ್ನಡ ಬೇರೆ ರೀತಿಯಲ್ಲಿ ಮಾಡುತ್ತದೆ, ಅಷ್ಟೆ. ಕನ್ನಡ ಹೇಗೆ ಮಾಡುತ್ತದೆ ಎಂದು ಗೊತ್ತಾದರೆ ಇಂಗ್ಲಿಷಿನ ಅರ್ಧ ಕಷ್ಟ ಕಳೆಯುತ್ತದೆ.

ಈ ಅಭ್ಯಾಸಕ್ಕೆ ಮನೆಯ ಹಿರಿಯರೇ ಬೇಕು. ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಪಾಠ ಶುರುವಾದದ್ದು 2007ರಲ್ಲಿ. ಅಜ್ಜ ಅಜ್ಜಿಯರ ಕಾಲಕ್ಕೆ ಅದು ತಡವಾಗಿ ಬರುತ್ತಿತ್ತು, ಎಷ್ಟೋ ಜನರಿಗೆ ಬರಲೇ ಇಲ್ಲ. ‘ನಮಗೇನು ತಿಳಿಯುತ್ತೆ’ ಎಂದು ಅವರು ದೂರ ಕೂರಬೇಕಿಲ್ಲ. ಇಂಗ್ಲಿಷ್ ಒಂದಕ್ಷರ ಬಾರದ ಅಜ್ಜಿಯೂ ಮೂರು ಕನ್ನಡ ಪ್ರಶ್ನೆ ಕೇಳಿದರೆ ಸಾಕು: ಯಾವುದು? ಎಷ್ಟು? ಯಾರದು? ಡಿಟರ್ಮಿನರ್ ಎಂಬುದು ಈ ಮೂರರಲ್ಲಿ ಒಂದಕ್ಕೆ ಉತ್ತರ. ಆಟ ಹೀಗೆ ನಡೆಯುತ್ತದೆ:

“ಐ ಸಾ ಡಾಗ್.”

“ಹಂಗಂದ್ರೆ ಏನೋ ಪುಟ್ಟ?”

“ನಾಯಿ ನೋಡಿದೆ ಅಂತ ಅಜ್ಜಿ.”

“ಯಾವ ನಾಯಿ?”

“ಯಾವುದೋ ಒಂದು ನಾಯಿ.”

“ಆ ‘ಒಂದು’ ಇಂಗ್ಲಿಷಲ್ಲಿ ಎಲ್ಲೋಯ್ತು?”

“ಓ! ಐ ಸಾ ಎ ಡಾಗ್. ದ ಡಾಗ್ ಬಿಟ್ ಕಾಫ್. ನಾಯಿ ಕರುನ ಕಚ್ತು.”

“ಅಯ್ಯೋ, ಯಾರ ಕರುನೋ?”

“ನಮ್ಮದೇ ಅಜ್ಜಿ. ದ ಡಾಗ್ ಬಿಟ್ ಅವರ್ ಕಾಫ್.”

ನೋಡಿ, ಅಜ್ಜಿ ವ್ಯಾಕರಣ ಹೇಳಲಿಲ್ಲ. ಕೇಳುವವರಿಗೆ ಸಹಜವಾಗಿ ಹುಟ್ಟುವ ಪ್ರಶ್ನೆ ಕೇಳಿದರು. ವಾಕ್ಯ ತಾನಾಗಿ ಸರಿಹೋಯಿತು.

ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ, ಹಿರಿಯರೂ ಗಟ್ಟಿಯಾಗಿ ಓದಲಿ ಎಂದು. ಮಕ್ಕಳು ಅವನ್ನು ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಳ್ಳಿ. ಉದಾಹರಣೆಗಳೆಲ್ಲ ನಮ್ಮ ಸೀಮೆಯವೇ. ಚನ್ನಗಿರಿಯಿಂದ ಹೊರಟು, ಹೊನ್ನಾಳಿ, ನ್ಯಾಮತಿ ನೋಡಿಕೊಂಡು, ಜಗಳೂರು ಮುಟ್ಟೋಣ.

ಚನ್ನಗಿರಿ: ಯಾವ ಕೆರೆ?

ಚನ್ನಗಿರಿಯ ಹತ್ತಿರ ಸೂಳೆಕೆರೆ ಇದೆ. ಶಾಂತಿಸಾಗರ ಎಂದೂ ಕರೆಯುತ್ತಾರೆ. ಚಿತ್ರದುರ್ಗದ ಜನರಿಗೂ ಕುಡಿಯುವ ನೀರು ಕೊಡುವ ಕೆರೆ ಇದು. ಇದನ್ನು ನೋಡದ ಗೆಳೆಯನಿಗೆ ಇಂಗ್ಲಿಷಿನಲ್ಲಿ ಹೇಳಬೇಕು. ಮೊದಲ ಸಲ: ದೇರ್ ಈಸ್ ಎ ಲೇಕ್ ನಿಯರ್ ಚನ್ನಗಿರಿ. ಎರಡನೇ ಸಲ: ದ ಲೇಕ್ ಈಸ್ ವೆರಿ ಬಿಗ್.

ಮೊದಲ ವಾಕ್ಯ ಕೇಳುವಾಗ ಗೆಳೆಯನಿಗೆ ಆ ಕೆರೆ ಗೊತ್ತಿಲ್ಲ, ಅದಕ್ಕೆ ‘ಎ’. ಎರಡನೆಯದು ಕೇಳುವಾಗ ಯಾವ ಕೆರೆ ಎಂದು ಗೊತ್ತಾಗಿದೆ, ಅದಕ್ಕೆ ‘ದ’. ಹೇಳುವ ನಮಗೆ ಗೊತ್ತಿದ್ದರೆ ಸಾಲದು, ಕೇಳುವವರಿಗೂ ಗೊತ್ತಿರಬೇಕು. ‘ದ’ ಎಂದರೆ ‘ಯಾವುದು ಅಂತ ನಿಮಗೂ ಗೊತ್ತಲ್ಲ’ ಎಂದು ಹೇಳಿದ ಹಾಗೆ.

ಕನ್ನಡದಲ್ಲಿ ‘ದ’ ಇಲ್ಲ ಎನ್ನುತ್ತಾರೆ. ಪದ ಇಲ್ಲ, ನಿಜ. ಆ ಕೆಲಸ ಮಾತ್ರ ಇದೆ. ‘ಪುಸ್ತಕ ತಂದೆ’ ಎಂದರೆ ಯಾವುದೋ ಪುಸ್ತಕ ಇರಬಹುದು. ‘ಪುಸ್ತಕವನ್ನು ತಂದೆ’ ಎಂದರೆ ಹೆಚ್ಚಾಗಿ ನಿಮಗೂ ಗೊತ್ತಿರುವ ಆ ಪುಸ್ತಕವೇ. ನಾವು ಪದದ ಬಾಲಕ್ಕೆ ‘ಅನ್ನು’ ಸೇರಿಸಿ ಹೇಳುವುದನ್ನು ಇಂಗ್ಲಿಷ್ ಪದದ ಮುಂದೆ ‘ದ’ ಇಟ್ಟು ಹೇಳುತ್ತದೆ.

ಇನ್ನು ‘ಎ’ ಯಾವಾಗ, ‘ಆ್ಯನ್’ ಯಾವಾಗ? ಇದಕ್ಕೆ ಕನ್ನಡ ಲಿಪಿಯೇ ಮೇಷ್ಟ್ರು. ಇಂಗ್ಲಿಷ್ ಪದವನ್ನು ಕೇಳಿದ ಹಾಗೆ ಕನ್ನಡದಲ್ಲಿ ಬರೆಯಿರಿ. ಮೊದಲ ಅಕ್ಷರ ಸ್ವರವಾದರೆ ಆ್ಯನ್, ವ್ಯಂಜನವಾದರೆ ಎ. ಅವರ್, ಅಂದರೆ ಗಂಟೆ, ಇಂಗ್ಲಿಷಿನಲ್ಲಿ ‘ಎಚ್’ ಅಕ್ಷರದಿಂದ ಶುರುವಾಗುತ್ತದೆ. ಕನ್ನಡದಲ್ಲಿ ಬರೆದರೆ ‘ಅ’. ಆದ್ದರಿಂದ ಆ್ಯನ್ ಅವರ್. ಯೂನಿವರ್ಸಿಟಿ ಇಂಗ್ಲಿಷಿನಲ್ಲಿ ‘ಯು’ ಅಕ್ಷರದಿಂದ ಶುರು, ಅದು ಅವರ ಸ್ವರಾಕ್ಷರ. ಕನ್ನಡದಲ್ಲಿ ಬರೆದರೆ ‘ಯ’ಕಾರ. ಆದ್ದರಿಂದ ಎ ಯೂನಿವರ್ಸಿಟಿ.

ಎರಡು ಕಡೆ ಎಚ್ಚರ. ನಾವು ‘ಒನ್’ ಎಂದು ಬರೆಯುತ್ತೇವೆ, ಇಂಗ್ಲಿಷಿನಲ್ಲಿ ಅದರ ಉಚ್ಚಾರ ‘ವನ್’. ಆದ್ದರಿಂದ ಎ ಒನ್ ರುಪೀ ಕಾಯಿನ್. ಎಮ್ಮೆಯನ್ನು ‘ಯಮ್ಮೆ’ ಅನ್ನುವ ನಮ್ಮ ನಾಲಿಗೆ ಎಗ್ಗನ್ನೂ ‘ಯಗ್ಗು’ ಮಾಡಿಬಿಡುತ್ತದೆ. ಅದು ‘ಎ’ ಸ್ವರವೇ. ಆದ್ದರಿಂದ ಆ್ಯನ್ ಎಗ್.

ಹೊನ್ನಾಳಿ: ಅಜ್ಜಿಗೆ ‘ಶೀ’ ಅನ್ನಬಹುದೇ?

ಊರಿನ ಹೆಸರಿಗೆ ‘ದ’ ಬೇಡ: ಹೊನ್ನಾಳಿ, ಚನ್ನಗಿರಿ, ಅಷ್ಟೆ. ನದಿಗೆ ಬೇಕು. ದ ತುಂಗಾ ಆ್ಯಂಡ್ ದ ಭದ್ರಾ ಮೀಟ್ ಆ್ಯಟ್ ಕೂಡ್ಲಿ. ಕೂಡ್ಲಿಯಲ್ಲಿ ಕೂಡಿದ ಮೇಲೆ ಹೊನ್ನಾಳಿಯ ಪಕ್ಕ ಹರಿಯುವುದು ದ ತುಂಗಭದ್ರಾ.

ಹೊಳೆ ದಂಡೆಯಲ್ಲಿ ಕೂತು ಸರ್ವನಾಮ ನೋಡೋಣ. ಮಕ್ಕಳ ನೋಟ್‌ಬುಕ್ಕಿನಲ್ಲಿ ಎಷ್ಟೋ ಸಲ ಕಂಡ ವಾಕ್ಯ ಇದು: ಮೈ ಗ್ರ್ಯಾಂಡ್‌ಮದರ್ ಲಿವ್ಸ್ ಇನ್ ಹೊನ್ನಾಳಿ. ದೇ ಆರ್ ವೆರಿ ಕೈಂಡ್.

ಓದಿದವರು ‘ಯಾರು ಈ ದೇ? ಅಜ್ಜಿ ಒಬ್ಬರಲ್ಲವೇ?’ ಎಂದು ಕೇಳುತ್ತಾರೆ. ಮಗು ಬರೆದದ್ದು ‘ಅವರು’ ಎಂಬ ಮರ್ಯಾದೆಯನ್ನು. ಕನ್ನಡದ ‘ಅವರು’ ಎರಡು ಕೆಲಸ ಮಾಡುತ್ತದೆ: ಹಲವು ಜನ ಎಂದೂ ಹೇಳುತ್ತದೆ, ಒಬ್ಬರೇ ಆದರೆ ಗೌರವವನ್ನೂ ಹೇಳುತ್ತದೆ. ಇಂಗ್ಲಿಷಿನ ‘ದೇ’ಗೆ ಆ ಗೌರವದ ಕೆಲಸ ಇಲ್ಲ. ಅಜ್ಜಿ ಒಬ್ಬರಾದರೆ ಶೀ, ಅಜ್ಜ ಒಬ್ಬರಾದರೆ ಹೀ.

‘ಶೀ ಅಂದರೆ ಅವಳು ಅಂದ ಹಾಗಲ್ಲವೇ? ನಮ್ಮ ಅಜ್ಜಿಗೆ ಏಕವಚನವೇ?’ ಎಂದು ಮಕ್ಕಳು ಹಿಂಜರಿಯುತ್ತಾರೆ. ಆ ಹಿಂಜರಿಕೆ ಒಳ್ಳೆಯ ಮನೆಯ ಗುರುತು. ಆದರೆ ಶೀ ಎಂದರೆ ‘ಅವಳು’ ಮಾತ್ರವಲ್ಲ, ಅವಳು, ಆಕೆ, ಅವರು ಮೂರೂ ಹೌದು. ಇಂಗ್ಲಿಷ್ ಮಾತಾಡುವವರು ತಮ್ಮ ರಾಣಿಗೂ ಶೀ ಎಂದೇ ಅನ್ನುತ್ತಿದ್ದರು. ಅಜ್ಜಿಯರೇ, ಮೊಮ್ಮಗ ನಿಮ್ಮ ಬಗ್ಗೆ ಶೀ ಎಂದು ಬರೆದರೆ ಬೇಸರ ಬೇಡ. ಅವರ ಭಾಷೆಯಲ್ಲಿ ಮರ್ಯಾದೆ ಇರುವುದು ದನಿಯಲ್ಲಿ, ಪ್ಲೀಸ್ ಎನ್ನುವುದರಲ್ಲಿ, ಉಳಿದ ಮಾತಿನಲ್ಲಿ.

ಇದರ ಹಿಂದೆ ಒಂದು ಸ್ವಾರಸ್ಯವಿದೆ. ಹಿಂದೆ ಇಂಗ್ಲಿಷಿನಲ್ಲೂ ‘ನೀನು’ ಇತ್ತು, ‘ದೌ’ ಎಂದು. ‘ಯೂ’ ಎಂಬುದು ‘ನೀವು’. 17ನೇ ಶತಮಾನದ ಹೊತ್ತಿಗೆ ಸಾಮಾನ್ಯ ಮಾತಿನಲ್ಲಿ ದೌ ಮರೆಯಾಗುತ್ತಾ ಬಂತು. ಈಗ ಅವರು ಮಗುವಿಗೂ ಬೆಕ್ಕಿಗೂ ‘ನೀವು’ ಎಂದೇ ಅನ್ನುತ್ತಾರೆ! ಅದಕ್ಕೇ ಒಬ್ಬರೇ ಎದುರಿಗಿದ್ದರೂ ‘ಯೂ ಈಸ್’ ಅಲ್ಲ, ‘ಯೂ ಆರ್’.

ಒಬ್ಬರಿಗೆ ‘ದೇ’ ಸಲ್ಲುವ ಒಂದು ಸಂದರ್ಭವೂ ಇದೆ. ಯಾರೆಂದು ಗೊತ್ತಿಲ್ಲದಾಗ. ಸಮ್‌ಒನ್ ಹ್ಯಾಸ್ ಲೆಫ್ಟ್ ದೇರ್ ಅಂಬ್ರೆಲ್ಲಾ. ಯಾರೋ ಅವರ ಛತ್ರಿ ಬಿಟ್ಟು ಹೋಗಿದ್ದಾರೆ. ಕನ್ನಡದಲ್ಲೂ ಇಲ್ಲಿ ‘ಅವರ’ ಎಂದೇ ಅಂದೆವು, ನೋಡಿ.

ನ್ಯಾಮತಿ: ಯಾರದು?

1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ನ್ಯಾಮತಿ ಹೊನ್ನಾಳಿ ತಾಲ್ಲೂಕಿನೊಳಗೆ ಇತ್ತು. ಈಗ ಅದೇ ಒಂದು ತಾಲ್ಲೂಕು. ಇಲ್ಲೇ ಒಂದು ಪಾಠ ಸಿಗುತ್ತದೆ. ಇದ್ದ ಒಂದು ಎರಡಾಯಿತು: ಒನ್ ಈಸ್ ಹೊನ್ನಾಳಿ, ದಿ ಅದರ್ ಈಸ್ ನ್ಯಾಮತಿ. ಎರಡೇ ಇದ್ದಾಗ ಉಳಿದದ್ದು ಯಾವುದೆಂದು ಖಚಿತ, ಅದಕ್ಕೆ ‘ದಿ ಅದರ್’. ಜಿಲ್ಲೆಯಲ್ಲಿ ಈಗ ಆರು ತಾಲ್ಲೂಕುಗಳಿವೆ. ಒನ್ ಈಸ್ ನ್ಯಾಮತಿ, ಎನದರ್ ಈಸ್ ಜಗಳೂರು. ಇನ್ನೂ ನಾಲ್ಕು ಉಳಿದಿವೆ, ಆದ್ದರಿಂದ ‘ಮತ್ತೊಂದು’ ಎಂಬ ಅರ್ಥದ ಎನದರ್. ಅದು ಆ್ಯನ್ ಮತ್ತು ಅದರ್ ಅಂಟಿಕೊಂಡು ಆದ ಪದ. ಒಳಗೇ ಆ್ಯನ್ ಇರುವುದರಿಂದ ‘ದ ಎನದರ್’ ಎಂದು ಬರೆಯಬಾರದು. ಉಳಿದ ನಾಲ್ಕನ್ನೂ ಒಟ್ಟಿಗೆ ಹೇಳಿದರೆ ‘ದಿ ಅದರ್ಸ್’.

ಈಗ ‘ಯಾರದು?’ ಎಂಬ ಪ್ರಶ್ನೆ. ಕನ್ನಡ ಬಲ್ಲವರಿಗೆ ಇದು ಸುಲಭ. ‘ನನ್ನ’ ಎಂದರೆ ಮೈ, ‘ನನ್ನದು’ ಎಂದರೆ ಮೈನ್. ‘ನಿಮ್ಮ’ ಯುವರ್, ‘ನಿಮ್ಮದು’ ಯುವರ್ಸ್. ‘ಅವಳ’ ಹರ್, ‘ಅವಳದು’ ಹರ್ಸ್. ‘ನಮ್ಮ’ ಅವರ್, ‘ನಮ್ಮದು’ ಅವರ್ಸ್. ಕನ್ನಡದಲ್ಲಿ ‘ದು’ ಬಂದರೆ ಮುಂದೆ ನಾಮಪದ ಬೇಕಿಲ್ಲ. ಇಂಗ್ಲಿಷಿನಲ್ಲೂ ಹಾಗೆಯೇ. ದಿಸ್ ಈಸ್ ಮೈ ಬ್ಯಾಗ್. ದಿಸ್ ಬ್ಯಾಗ್ ಈಸ್ ಮೈನ್. ‘ಹಿಸ್’ ಮಾತ್ರ ಎರಡೂ ಕಡೆ ಹಿಸ್.

ಮಕ್ಕಳು ಎಡವುವ ಕಲ್ಲು ‘ತನ್ನ’. ‘ಗೀತಾ ತನ್ನ ಪುಸ್ತಕ ತಂದಳು’, ‘ರವಿ ತನ್ನ ಪುಸ್ತಕ ತಂದ’. ಕನ್ನಡದ ‘ತನ್ನ’ಕ್ಕೆ ಗಂಡು ಹೆಣ್ಣು ಭೇದವಿಲ್ಲ. ಇಂಗ್ಲಿಷಿನಲ್ಲಿ ‘ತನ್ನ’ ಎಂಬ ಪದವೇ ಇಲ್ಲ. ಆದ್ದರಿಂದ ಪುಸ್ತಕದ ಒಡೆಯರು ಯಾರೆಂದು ನೋಡಿ ಆರಿಸಬೇಕು: ಗೀತಾ ಬ್ರಾಟ್ ಹರ್ ಬುಕ್, ರವಿ ಬ್ರಾಟ್ ಹಿಸ್ ಬುಕ್. ಮನೆಯಲ್ಲಿ ಉರ್ದು ಮಾತಾಡುವ ಮಕ್ಕಳಿಗೆ ಇನ್ನೊಂದು ತೊಡಕು. ಉರ್ದುವಿನಲ್ಲಿ ಹುಡುಗನ ಪುಸ್ತಕವೂ ‘ಉಸ್ಕೀ ಕಿತಾಬ್’, ಏಕೆಂದರೆ ಕಿತಾಬ್ ಸ್ತ್ರೀಲಿಂಗ. ಇಂಗ್ಲಿಷ್ ವಸ್ತುವನ್ನು ನೋಡುವುದಿಲ್ಲ, ಒಡೆಯರನ್ನು ನೋಡುತ್ತದೆ. ರವಿಯ ತಾಯಿ ಹೆಂಗಸೇ ಆದರೂ ‘ಹಿಸ್ ಮದರ್’.

ಇಲ್ಲಿ ಕನ್ನಡದ್ದೇ ಒಂದು ಕೈ ಮೇಲು. ‘ರವಿ ತನ್ನ ಎತ್ತು ಹಿಡಿದ’, ‘ರವಿ ಅವನ ಎತ್ತು ಹಿಡಿದ’ ಎಂದರೆ ಎರಡನೆಯದು ಇನ್ನೊಬ್ಬನ ಎತ್ತು ಇರಬಹುದು ಎಂದು ನಮಗೆ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಎರಡೂ ಹಿಸ್. ಗೊಂದಲ ಬೇಡವೆಂದರೆ ‘ಹಿಸ್ ಓನ್’ ಎಂದು ಒತ್ತಿ ಹೇಳಬೇಕು.

ಇನ್ನೊಂದು ನಿಯಮ. ಕನ್ನಡದಲ್ಲಿ ‘ಆ ನನ್ನ ಗೆಳೆಯ’ ಎನ್ನಬಹುದು. ಇಂಗ್ಲಿಷಿನಲ್ಲಿ ‘ದಟ್ ಮೈ ಫ್ರೆಂಡ್’ ಎನ್ನಲಾಗದು. ಎ, ದ, ದಿಸ್, ದಟ್, ಮೈ, ಹರ್ ಇವೆಲ್ಲ ಒಂದೇ ಕುರ್ಚಿಗೆ ಬಂದವರು. ಒಬ್ಬರು ಕೂತರೆ ಇನ್ನೊಬ್ಬರಿಗೆ ಜಾಗವಿಲ್ಲ. ಎರಡನ್ನೂ ಹೇಳಲೇಬೇಕಾದರೆ ಒಂದನ್ನು ಹಿಂದಕ್ಕೆ ಕಳಿಸಿ: ದಟ್ ಫ್ರೆಂಡ್ ಆಫ್ ಮೈನ್.

ಜಗಳೂರು: ಎಷ್ಟು ನೀರು?

ಈಗ ನಮ್ಮ ಜಿಲ್ಲೆಯ ಒಣ ಸೀಮೆಗೆ ಬಂದೆವು. ‘ಎಷ್ಟು?’ ಎಂಬ ಪ್ರಶ್ನೆಗೆ ಜಗಳೂರಿಗಿಂತ ತಕ್ಕ ಊರು ಬೇರೆ ಇಲ್ಲ. ಮಳೆ ಎಷ್ಟು, ಕೆರೆಯಲ್ಲಿ ನೀರೆಷ್ಟು ಎಂದು ಇಲ್ಲಿಯ ಹಿರಿಯರು ವರ್ಷಪೂರ್ತಿ ಲೆಕ್ಕ ಹಾಕುತ್ತಾ ಬಂದವರು.

ಇಂಗ್ಲಿಷಿನಲ್ಲಿ ಎಣಿಸುವುದಕ್ಕೆ ಮೆನಿ, ಫ್ಯೂ. ಅಳೆಯುವುದಕ್ಕೆ ಮಚ್, ಲಿಟಲ್. ಯಾವುದು ಎಣಿಕೆ, ಯಾವುದು ಅಳತೆ? ಮುಂದೆ ‘ಕೆಲವು’ ಸೇರಿಸಿ ನೋಡಿ. ‘ಕೆಲವು ಎಮ್ಮೆ’ ಸರಿ. ‘ಕೆಲವು ಹಾಲು’ ಎಂದರೆ ಅಜ್ಜಿ ನಕ್ಕುಬಿಡುತ್ತಾರೆ. ‘ಕೆಲವು’ ಒಗ್ಗಿದರೆ ಫ್ಯೂ, ಒಗ್ಗದಿದ್ದರೆ ಲಿಟಲ್. ಈ ಪರೀಕ್ಷೆಗೆ ಸಿಗದೆ ನುಣುಚಿಕೊಳ್ಳುವ ಕೆಲವು ಪದಗಳಿವೆ: ಇನ್ಫರ್ಮೇಷನ್, ಅಡ್ವೈಸ್, ಫರ್ನಿಚರ್, ಲಗೇಜ್. ಇವನ್ನು ಇಂಗ್ಲಿಷ್ ಎಣಿಸುವುದಿಲ್ಲ. ಬಾಯಿಪಾಠ ಮಾಡಿಕೊಳ್ಳಿ.

ಈಗ ಇವತ್ತಿನ ಮುಖ್ಯ ಪಾಠ. ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪತ್ರಿಕೆಯಲ್ಲಿ ಪತ್ರ ಬರೆಯುವ ಪ್ರಶ್ನೆ ಬರುತ್ತದೆ. ನಿಮ್ಮ ಊರ ಕೆರೆ ಬತ್ತುತ್ತಿದೆ, ಅಧಿಕಾರಿಗಳಿಗೆ ಪತ್ರ ಬರೆಯಬೇಕು ಎಂದುಕೊಳ್ಳಿ. ಒಬ್ಬಳು ಬರೆದಳು: ದೇರ್ ಈಸ್ ಲಿಟಲ್ ವಾಟರ್ ಇನ್ ಅವರ್ ಟ್ಯಾಂಕ್. ಇನ್ನೊಬ್ಬ ಬರೆದ: ದೇರ್ ಈಸ್ ಎ ಲಿಟಲ್ ವಾಟರ್ ಇನ್ ಅವರ್ ಟ್ಯಾಂಕ್.

ಒಂದೇ ಒಂದು ‘ಎ’ ಹೆಚ್ಚು. ಅರ್ಥ ಮಾತ್ರ ತಿರುವುಮುರುವು. ‘ಲಿಟಲ್ ವಾಟರ್’ ಎಂದರೆ ನೀರು ಇಲ್ಲವೆನ್ನುವಷ್ಟು ಕಡಿಮೆ, ಏನಾದರೂ ಮಾಡಿ ಎಂದು. ‘ಎ ಲಿಟಲ್ ವಾಟರ್’ ಎಂದರೆ ಒಂದಿಷ್ಟು ನೀರಿದೆ, ಸದ್ಯಕ್ಕೆ ನಡೆಯುತ್ತದೆ ಎಂದು. ಮೊದಲನೆಯದನ್ನು ಓದಿದ ಅಧಿಕಾರಿ ಟ್ಯಾಂಕರ್ ಕಳಿಸಬೇಕೇ ಎಂದು ಯೋಚಿಸುತ್ತಾರೆ. ಎರಡನೆಯದನ್ನು ಓದಿದವರು ಪತ್ರವನ್ನು ಫೈಲಿಗೆ ಸೇರಿಸಿ ಮುಂದಿನ ಪತ್ರ ತೆಗೆಯುತ್ತಾರೆ. ಇಷ್ಟು ಚಿಕ್ಕ ಪದಕ್ಕೆ ಇಷ್ಟು ಭಾರ!

ನೆನಪಿಡಲು ಕನ್ನಡದಲ್ಲೇ ಕೀಲಿ ಇದೆ. ‘ಎ’ ಎಂದರೆ ಒಂದು. ನಮ್ಮ ‘ಒಂದಿಷ್ಟು’ ಪದದೊಳಗೂ ‘ಒಂದು’ ಇದೆ. ಒಂದಿಷ್ಟು ಎಂದರೆ ಎ ಲಿಟಲ್. ‘ಒಂದಷ್ಟು ಜನ ಬಂದರು’ ಎಂದರೆ ಎ ಫ್ಯೂ. ಆ ‘ಒಂದು’ ಹೋದರೆ ಭರವಸೆಯೂ ಹೋದಂತೆ. ‘ಬಂದವರೇ ಕಡಿಮೆ’ ಎಂದರೆ ಫ್ಯೂ.

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಅಭಯಾರಣ್ಯದಲ್ಲಿ ಕೊಂಡುಕುರಿ ಇದೆ. ಗಂಡಿಗೆ ನಾಲ್ಕು ಕೊಂಬು, ಮುಂದಿನ ಜೋಡಿ ಚಿಕ್ಕದು. ನಾಚಿಕೆಯ ಪ್ರಾಣಿ, ಸುಲಭಕ್ಕೆ ಕಣ್ಣಿಗೆ ಬೀಳದು. ಫ್ಯೂ ಪೀಪಲ್ ಹ್ಯಾವ್ ಸೀನ್ ಇಟ್, ನೋಡಿದವರು ವಿರಳ. ಎ ಫ್ಯೂ ಪೀಪಲ್ ಹ್ಯಾವ್ ಸೀನ್ ಇಟ್, ಒಂದಷ್ಟು ಜನ ನೋಡಿದ್ದಾರೆ. ಒಂದರಲ್ಲಿ ನಿರಾಸೆ, ಇನ್ನೊಂದರಲ್ಲಿ ಆಸೆ.

ತುಂಗಭದ್ರೆಯ ನೀರನ್ನು ಎತ್ತಿ ಈ ಸೀಮೆಯ 57 ಕೆರೆಗಳಿಗೆ ತುಂಬಿಸುವ ಯೋಜನೆಯ ಬಗ್ಗೆ ನೀವು ಪತ್ರಿಕೆಯಲ್ಲಿ ಓದಿರುತ್ತೀರಿ. ಅದರಲ್ಲೂ ಒಂದು ಪಾಠವಿದೆ. ಆಲ್ ದ ಟ್ಯಾಂಕ್ಸ್ ಆರ್, ಎಲ್ಲ ಕೆರೆಗಳು. ಎವ್ರಿ ಟ್ಯಾಂಕ್ ಈಸ್, ಪ್ರತಿಯೊಂದು ಕೆರೆ. ‘ಪ್ರತಿಯೊಂದು’ ಬಂದರೆ ಕನ್ನಡದಲ್ಲೂ ಏಕವಚನ, ಇಂಗ್ಲಿಷಿನಲ್ಲೂ ಏಕವಚನ.

ಈಗ ನಿಮ್ಮ ಸರದಿ

ಬಿಟ್ಟ ಜಾಗ ತುಂಬಿ. ಪ್ರತಿ ವಾಕ್ಯಕ್ಕೂ ಹಿರಿಯರು ಮೂರರಲ್ಲಿ ತಕ್ಕ ಪ್ರಶ್ನೆ ಕೇಳಲಿ. ಮೊದಲು ಕನ್ನಡದಲ್ಲಿ ಉತ್ತರ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ.

1. ವೀ ವೇಟೆಡ್ ಫಾರ್ ___ ಅವರ್ ಆ್ಯಟ್ ದ ಬಸ್ ಸ್ಟ್ಯಾಂಡ್.
2. ___ ತುಂಗಭದ್ರಾ ಫ್ಲೋಸ್ ಪಾಸ್ಟ್ ಹೊನ್ನಾಳಿ.
3. ಮೈ ಗ್ರ್ಯಾಂಡ್‌ಫಾದರ್ ಈಸ್ ಎ ಫಾರ್ಮರ್. ___ ಗ್ರೋಸ್ ಮೇಝ್.
4. ಗೀತಾ ಲವ್ಸ್ ___ ಬ್ರದರ್. (‘ತನ್ನ’ ತಮ್ಮ)
5. ದಿಸ್ ಪೆನ್ ಈಸ್ ನಾಟ್ ಯುವರ್ಸ್. ಇಟ್ ಈಸ್ ___. (ನನ್ನದು)
6. ಐ ಹ್ಯಾವ್ ಟೂ ಅಂಕಲ್ಸ್. ಒನ್ ಲಿವ್ಸ್ ಇನ್ ಚನ್ನಗಿರಿ, ___ ಲಿವ್ಸ್ ಇನ್ ಜಗಳೂರು.
7. ಹೌ ___ ಮಿಲ್ಕ್ ಡಸ್ ದ ಬಫಲೋ ಗಿವ್?
8. ಡೋಂಟ್ ವರಿ, ವೀ ಹ್ಯಾವ್ ___ ರೈಸ್ ಲೆಫ್ಟ್. (ಒಂದಿಷ್ಟು)
9. ಇಟ್ ಡಿಡ್ ನಾಟ್ ರೇನ್, ಸೋ ದೇರ್ ಈಸ್ ___ ವಾಟರ್ ಇನ್ ದ ವೆಲ್. (ತೀರಾ ಕಡಿಮೆ)
10. ಎವ್ರಿ ವಿಲೇಜ್ ___ ಎ ಸ್ಕೂಲ್. (ಹ್ಯಾಸ್ / ಹ್ಯಾವ್)

ಉತ್ತರಗಳು: 1. ಆ್ಯನ್ 2. ದ 3. ಹೀ 4. ಹರ್ 5. ಮೈನ್ 6. ದಿ ಅದರ್ 7. ಮಚ್ 8. ಎ ಲಿಟಲ್ 9. ಲಿಟಲ್ 10. ಹ್ಯಾಸ್.

ಎಂಟಕ್ಕಿಂತ ಹೆಚ್ಚು ಸರಿಯಾದರೆ ಶಹಬ್ಬಾಸ್! ಎಂಟು, ಒಂಬತ್ತನೆಯವು ಅದಲುಬದಲಾಗಿದ್ದರೆ ಜಗಳೂರಿನ ಭಾಗವನ್ನು ಇನ್ನೊಮ್ಮೆ ಓದಿ. ಮನೆಗೆಲಸ ಒಂದೇ: ನಿಮ್ಮ ಅಜ್ಜ ಅಥವಾ ಅಜ್ಜಿಯ ಬಗ್ಗೆ ಐದು ಇಂಗ್ಲಿಷ್ ವಾಕ್ಯ ಬರೆದು ಅವರಿಗೇ ಓದಿ, ಅರ್ಥ ಹೇಳಿ. ‘ಯಾವುದು? ಎಷ್ಟು? ಯಾರದು?’ ಎಂದು ಅವರು ಕೇಳಿದ್ದಕ್ಕೆಲ್ಲ ಉತ್ತರ ಸಿಕ್ಕರೆ ನಿಮ್ಮ ಐದೂ ವಾಕ್ಯ ಪಾಸು.